ಹಿತ್ತಿಲಿನ ಬೇಲಿ: ಅದನ್ನು ಹಾಕುವ ಮತ್ತು ಕಾಪಾಡುವ ಕ್ರಮ

ಬಯಲುಸೀಮೆಯ ಹಳ್ಳಿಗಳಲ್ಲಿ ಮನೆಯ ಹಿಂದಿನ ನಾಲ್ಕೈದು ಗುಂಟೆ ಸ್ಥಳವು ಬಹುಮಟ್ಟಿಗೆ ಪಾಳಾಗಿಯೇ ಬಿದ್ದಿರುವುದನ್ನು ಕಾಣಬಹುದು. ಬಚ್ಚಲ ನೀರು ತಾನಾಗಿ ಹರಿದುಬರುವ, ಕೊಟ್ಟಿಗೆಯ ಗೊಬ್ಬರಕ್ಕೆ ಹತ್ತಿರವಾದ, ಮನೆಯವರ ಕಣ್ಣೆದುರಿಗೇ ಇರುವ ಈ ನೆಲದಷ್ಟು ಸಾರವತ್ತಾದ ನೆಲವು ರೈತನ ಹೊಲಗದ್ದೆಗಳಲ್ಲಿ ದೊರೆಯುವುದು ಅಪರೂಪ. ಹೀಗಿದ್ದರೂ ಅದರಲ್ಲಿ ಅವರೆ, ನುಗ್ಗೆ, ಬಾಳೆ, ಸೊಪ್ಪುಸದೆಗಳು ಏಕೆ ಬೆಳೆದಿಲ್ಲವೆಂದು ವಿಚಾರಿಸಿದರೆ, ನೀರಿಲ್ಲವೆಂದಾಗಲಿ ಬೀಜವಿಲ್ಲವೆಂದಾಗಲಿ ಹೇಳುವವರು ಕಡಮೆ. ಹಾಕಿದ್ದನ್ನೆಲ್ಲ ಮೇಕೆ ತಿಂದುಹೋಯಿತೆಂಬುದೇ ಸಾಮಾನ್ಯವಾದ ಉತ್ತರ. ಎರಡು ತಿಂಗಳು ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಬಳ್ಳಿಯನ್ನು ಎರಡು ಮೇಕೆಗಳು ಅರ್ಧ ಗಳಿಗೆಯಲ್ಲಿ ಮುಗಿಸುತ್ತವೆ. ಆಮೇಲೆ ಮೇಕೆಯ ಒಡೆಯನೊಡನೆ ಜಗಳ, ಬಂದೀದೊಡ್ಡಿಯ ಮಾತು, ವರ್ಷಗಟ್ಟಲೆ ನೆರೆಹೊರೆಯವರ ಮುನಿಸು. ನಷ್ಟವಾದ ತರಕಾರಿಯ ಬೆಲೆಗಿಂತಲೂ ಈ ಮುನಿಸಿನ ಬೆಲೆ ಹೆಚ್ಚು. ದನಕರುಗಳ ಅತಿಕ್ರಮಣಕ್ಕಾಗಿ 1871ರಲ್ಲಿಯೇ ಬ್ರಿಟಿಷ್ ಇಂಡಿಯಾದಲ್ಲಿ ಪ್ರತ್ಯೇಕವಾದ ಕಾನೂನೊಂದನ್ನು ಮಾಡಬೇಕಾಗಿ ಬಂದಿತೆಂದರೆ, ಈ ವ್ಯಾಜ್ಯವು ಎಷ್ಟು ಹಳೆಯದೆಂಬುದನ್ನು ಊಹಿಸಬಹುದು. ದೊಡ್ಡಿಯ ದಂಡದಿಂದ ತಿಂದುಹೋದ ಗಿಡವು ಚಿಗುರುವುದಿಲ್ಲ. ಬೇಲಿಯಿದ್ದರೆ ದೊಡ್ಡಿಯವರೆಗೆ ಹೋಗುವ ಸಂದರ್ಭವೇ ಬರುವುದಿಲ್ಲ.

ಎಲ್ಲೆಯ ನಿಶ್ಚಯ

ಬೇಲಿಗಾಗಿ ಹಾರೆಯನ್ನು ಹಿಡಿಯುವುದಕ್ಕೆ ಮೊದಲು ಎಲ್ಲೆಯನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಬಾಂದುಕಲ್ಲುಗಳಿದ್ದಲ್ಲಿ ಅವುಗಳ ನಡುವೆ ಹಗ್ಗವನ್ನು ಬಿಗಿಯಾಗಿ ಎಳೆದು, ನೆರೆಯವರನ್ನೂ ಊರಿನ ಒಬ್ಬಿಬ್ಬರು ಹಿರಿಯರನ್ನೂ ಕರೆದು ತೋರಿಸಿ, ಅವರ ಸಮ್ಮುಖದಲ್ಲಿಯೇ ಗೂಟಗಳನ್ನು ಹೊಡೆಯುವುದು ಒಳ್ಳೆಯದು. ಕಲ್ಲುಗಳು ಕಾಣದಿದ್ದರೆ ಅಂದಾಜಿನಿಂದ ಬೇಲಿ ಹಾಕುವುದು ಎಂದಿಗೂ ಸಲ್ಲದು. ಅಳತೆಯನ್ನು ಮಾಡಿಸಿಕೊಂಡ ಅನಂತರವೇ ಕೆಲಸಕ್ಕೆ ತೊಡಗಬೇಕು.

ಗಿಡದ ಬೇಲಿಯನ್ನು ಹಾಕುವವರು ಇನ್ನೊಂದು ವಿಷಯವನ್ನು ಗಮನಿಸುವುದಿಲ್ಲ. ಕಲ್ಲುಗೋಡೆಯು ಕಟ್ಟಿದಲ್ಲಿಯೇ ನಿಲ್ಲುತ್ತದೆ. ಗಿಡದ ಬೇಲಿಯಾದರೋ ಪ್ರತಿವರ್ಷವೂ ಸ್ವಲ್ಪ ಸ್ವಲ್ಪವಾಗಿ ಹೊರಕ್ಕೆ ಸರಿಯುತ್ತದೆ. ಎಲ್ಲೆಯ ಗೆರೆಯ ಮೇಲೆಯೇ ಸಾಲು ನೆಟ್ಟರೆ ಐದಾರು ವರ್ಷಗಳಲ್ಲಿ ಅದರ ಅರ್ಧ ಭಾಗವು ಪಕ್ಕದವನ ಹಿತ್ತಿಲಿನಲ್ಲಿಯೋ ಗಾಡಿಯ ಓಣಿಯಲ್ಲಿಯೋ ಇರುತ್ತದೆ. ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಎರಡು ಗಾಡಿಗಳು ಓಡಾಡುತ್ತಿದ್ದ ಓಣಿಗಳು ಈಗ ಒಂದು ಗಾಡಿಗೂ ಸಾಲದಂತಾಗಿರುವುದಕ್ಕೆ ಅನೇಕ ಕಡೆ ಕಳ್ಳಿಯ ಸಾಲುಗಳೇ ಕಾರಣ. ಬೆಳೆದುನಿಂತ ಹಸುರುಬೇಲಿಯು ಮೂರರಿಂದ ನಾಲ್ಕು ಅಡಿ ಅಗಲವಾಗುವುದರಿಂದ, ಸಾಲಿನ ನಡುಗೆರೆಯು ಎಲ್ಲೆಯಿಂದ ಎರಡು ಅಡಿ ಒಳಗಿರುವಂತೆ ನೆಡತಕ್ಕದ್ದು. ಎರಡು ಮನೆಯವರಿಗೂ ಸಮಾನವಾದ ಬೇಲಿಯಾದರೆ ಗೆರೆಯ ಮೇಲೆಯೇ ನೆಡಬಹುದು. ಆದರೆ ತಮ್ಮ ತಮ್ಮ ಮಗ್ಗುಲನ್ನು ತಾವೇ ಕತ್ತರಿಸುವುದೆಂದು ಮೊದಲೇ ಮಾತಾಡಿಕೊಂಡಿರಬೇಕು.

ಬೇಲಿಯ ಉದ್ದವು ಹಿತ್ತಿಲಿನ ವಿಸ್ತೀರ್ಣವನ್ನು ಮಾತ್ರವಲ್ಲದೆ ಆಕಾರವನ್ನೂ ಅವಲಂಬಿಸಿರುವುದು. ನಾಲ್ಕು ಗುಂಟೆಯ ಸ್ಥಳವು 66 ಅಡಿ ಚೌಕವಾಗಿದ್ದರೆ ಸುತ್ತಳತೆಯು 264 ಅಡಿ. ಅಷ್ಟೇ ಸ್ಥಳವು 33 ಅಡಿ ಅಗಲ, 132 ಅಡಿ ಉದ್ದವಾಗಿದ್ದರೆ 330 ಅಡಿ. ಉದ್ದನೆಯ ಕಿರಿದಾದ ಹಿತ್ತಿಲುಳ್ಳವನು ಮನೆಗೆ ಹತ್ತಿರವಾದ ಭಾಗಕ್ಕೆ ಮಾತ್ರ ಮೊದಲು ಬೇಲಿ ಹಾಕಿ, ಅದು ನಿಂತ ಮೇಲೆ ಮುಂದುವರಿಸುವುದು ಜಾಣತನ. ಅರ್ಧಂಬರ್ಧವಾದ 330 ಅಡಿಗಿಂತ ಭದ್ರವಾದ 150 ಅಡಿ ಮೇಲು.

ಒಣಬೇಲಿ

ಜಾಲಿ, ಕಾರೆ, ಎಲಚಿ ಮುಂತಾದ ಮುಳ್ಳುಗಳನ್ನು ಕಡಿದು ತಂದು ಸುತ್ತಲೂ ಒತ್ತುವುದು ಎಲ್ಲರಿಗೂ ಗೊತ್ತಿರುವ ರೂಢಿ. ಇದು ಒಂದೇ ದಿನದಲ್ಲಿ ಬೇಲಿಯಾಗಿ ನಿಲ್ಲುತ್ತದೆಂಬುದೇನೋ ನಿಜ. ಆದರೆ ಇದರ ಆಯುಸ್ಸು ಬಹಳ ಕಡಮೆ. ಗೆದ್ದಲು ಬುಡವನ್ನು ತಿನ್ನುತ್ತದೆ, ಮಳೆಗಾಲದಲ್ಲಿ ಮುಳ್ಳು ಕೊಳೆತು ಕುಸಿಯುತ್ತದೆ, ಬೇಸಗೆಯಲ್ಲಿ ಬೀಡಿಯ ಒಂದು ಕಿಡಿ ಸಾಕು. ಸೌದೆಯ ಅಭಾವವಿರುವ ಊರುಗಳಲ್ಲಿ ಬೇಲಿಯ ಮುಳ್ಳು ಒಲೆಯನ್ನು ಸೇರುವುದೂ ಉಂಟು. ಪ್ರತಿವರ್ಷವೂ ಹೊಸ ಮುಳ್ಳು ಬೇಕಾಗುವುದರಿಂದ ಊರ ಸುತ್ತಲಿನ ಜಾಲಿಯ ತೋಪುಗಳೂ ಬೋಳಾಗುತ್ತವೆ.

ಒಣಬೇಲಿಯ ಈ ದೋಷಗಳನ್ನು ಬಹು ದೊಡ್ಡ ಪ್ರಮಾಣದಲ್ಲಿ ಅನುಭವಿಸಿದವರು ಉತ್ತರ ಹಿಂದೂಸ್ಥಾನದ ಸುಂಕದ ಅಧಿಕಾರಿಗಳು. ಉಪ್ಪಿನ ಮೇಲಣ ಸುಂಕವನ್ನು ತಪ್ಪಿಸಿಕೊಂಡು ಹೋಗುವವರನ್ನು ತಡೆಯುವುದಕ್ಕಾಗಿ ಬ್ರಿಟಿಷ್ ಸರ್ಕಾರವು ನೂರಾರು ಮೈಲಿಗಳ ಉದ್ದಕ್ಕೆ ಬೇಲಿಯನ್ನು ಹಾಕಿಸಿತ್ತು. ಮೊದಲು ಒಟ್ಟಿದ ಒಣಮುಳ್ಳು ಗೆದ್ದಲಿಗೂ ಬೆಂಕಿಗೂ ಗಾಳಿಗೂ ತುತ್ತಾಗುತ್ತಿದ್ದುದನ್ನು ಕಂಡು, 1867ರಿಂದ ಆ ಇಲಾಖೆಯ ಮುಖ್ಯಸ್ಥನಾಗಿದ್ದ ಏ. ಓ. ಹ್ಯೂಮನು ಜೀವಂತವಾದ ಮುಳ್ಳುಗಿಡಗಳನ್ನು ನೆಡಿಸುವುದರಲ್ಲಿ ಬಹಳ ಶ್ರಮಪಟ್ಟನು. ಮುಂದೆ ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನಾದವನು ಇವನೇ. ಆ ಸುಂಕದ ಗಡಿಯನ್ನು 1879ರಲ್ಲಿ ಎತ್ತಿಹಾಕಿದರು. ಬಡವನ ಉಪ್ಪಿಗೆ ಅಡ್ಡವಾಗಿದ್ದ ಅಂಥ ಬೇಲಿ ಹೋದುದಕ್ಕೆ ಯಾರೂ ದುಃಖಿಸಬೇಕಾಗಿಲ್ಲ. ಒಣಮುಳ್ಳಿಗಿಂತ ಹಸುರುಗಿಡವೇ ಲೇಸೆಂಬ ಅದರ ಅನುಭವವನ್ನು ಮಾತ್ರ ಇಟ್ಟುಕೊಳ್ಳಬಹುದು.

ಹಾಗೆಂದು ಒಣಬೇಲಿಯನ್ನು ಪೂರ್ತಿಯಾಗಿ ಬಿಡುವಂತಿಲ್ಲ. ಎಳೆಯ ಹಸುರುಬೇಲಿಗೆ ಮೊದಲ ಎರಡು ವರ್ಷ ಒಣಮುಳ್ಳಿನ ರಕ್ಷಣೆಯು ಅವಶ್ಯಕ. ಬೇಲಿಗೆ ಬೇಲಿ ಹಾಕುವುದೆಂದರೆ ನಗುವವರಿದ್ದಾರೆ. ಆದರೆ ನೆಟ್ಟ ಹಸುರುಬೇಲಿಗಳು ಕೆಡುವುದೆಲ್ಲ ಈ ಎರಡು ವರ್ಷಗಳಲ್ಲಿಯೇ. ಎಂಟು ಅಡಿಗೊಂದರಂತೆ ಗೂಟಗಳನ್ನು ನೆಟ್ಟು, ಮುಳ್ಳಿನ ಬುಡವು ಒಳಕ್ಕೂ ತುದಿಯು ಹೊರಕ್ಕೂ ಇರುವಂತೆ ಕವೆಗೋಲಿನಿಂದ ಒತ್ತಿ, ಮೇಲೆ ಬಿದಿರಿನ ದಬ್ಬೆಯನ್ನಿಟ್ಟು ಕತ್ತಾಳೆಯ ನಾರಿನಿಂದ ಕಟ್ಟಬೇಕು. ಗೂಟಗಳು ಮೊದಲು ಕೆಡುವುದು ನೆಲದ ಮಟ್ಟದಲ್ಲಿ; ಮಣ್ಣಿನೊಳಗಣ ಭಾಗವೂ ಮೇಲಣ ಭಾಗವೂ ಗಟ್ಟಿಯಾಗಿದ್ದರೂ ನಡುವೆ ಮುರಿದುಬೀಳುತ್ತದೆ. ಆದಕಾರಣ ಬುಡವನ್ನು ಬೆಂಕಿಯಲ್ಲಿ ಕರಿಮಾಡುವಾಗ ಹೂಳುವ ಭಾಗವನ್ನು ಮಾತ್ರವಲ್ಲದೆ ನೆಲದಿಂದ ಒಂದಡಿ ಮೇಲಿನವರೆಗೂ ಕರಿಮಾಡಿ, ಬಿಸಿಯಾಗಿರುವಾಗಲೇ ಡಾಂಬರನ್ನು ಬಳಿಯುವುದು ಒಳ್ಳೆಯದು. ಬಿದಿರನ್ನು ಉಪಯೋಗಿಸುವುದಾದರೆ ಬಲಿತ ಬಿದಿರನ್ನು ಚಳಿಗಾಲದಲ್ಲಿ ಕಡಿದು, ಕೆಲವು ವಾರಗಳ ಕಾಲ ನೀರಿನಲ್ಲಿ ಮುಳುಗಿಸಿಟ್ಟು ಒಣಗಿಸಬೇಕು. ಬಿದಿರಿನೊಳಗಣ ಹಿಟ್ಟಿನ ಅಂಶವು ನೀರಿನಲ್ಲಿ ಕಳೆದುಹೋಗುವುದರಿಂದ ಕೊರೆಯುವ ಹುಳುವಿನ ಬಾಧೆಯು ಬಹಳಮಟ್ಟಿಗೆ ತಪ್ಪುತ್ತದೆ.

ಕಲ್ಲು, ಮಣ್ಣು, ತಂತಿ

ಬೆಂಗಳೂರು, ಕೋಲಾರ, ತುಮಕೂರು ಸೀಮೆಗಳಲ್ಲಿ ಬಂಡೆಯಿಂದ ಎಬ್ಬಿಸಿದ ಚಪ್ಪಡಿಗಳನ್ನು ಸಾಲಾಗಿ ನೆಡುವ ವಾಡಿಕೆಯುಂಟು. ಕಲ್ಲುಗುತ್ತಿಯು ಸಮೀಪದಲ್ಲಿದ್ದವರಿಗೆ ಇದಕ್ಕಿಂತ ಭದ್ರವಾದುದು ಬೇರೆ ಇಲ್ಲ. ಮಣ್ಣುಗೋಡೆಯನ್ನು ಕಟ್ಟುವವರು ಒಂದಡಿ ಎತ್ತರಕ್ಕೆ ಕಲ್ಲಿನ ತಳಪಾಯವನ್ನು ಹಾಕಿ, ಒಂದೊಂದು ವರಸೆಯೂ ಆರಿದ ಮೇಲೆಯೇ ಮುಂದಿನದನ್ನು ಏರಿಸಿ, ನೆತ್ತಿಗೆ ಹಂಚಾಗಲಿ ಹುಲ್ಲಾಗಲಿ ಎರಡೂ ಮಗ್ಗುಲಿಗೆ ಚಾಚುವಂತೆ ಹೊದಿಸಬೇಕು. ಮಣ್ಣುಗೋಡೆಯು ನೆತ್ತಿಯಿಂದಲೂ ಬುಡದಿಂದಲೂ ಕೆಡುತ್ತದೆಯೇ ಹೊರತು ನಡುವಿನಿಂದ ಕೆಡುವುದಿಲ್ಲ. ಮಲೆನಾಡಿನಲ್ಲಿ ಮಣ್ಣುಗೋಡೆಗಿಂತ ಅಗಳು ತೋಡುವುದೇ ಹೆಚ್ಚು. ಅಲ್ಲಿನ ಮಳೆಗೆ ಅದೇ ತಕ್ಕದ್ದು.

ಮುಳ್ಳುತಂತಿಯನ್ನು ಎಳೆಯುವಾಗ ಮೂಲೆಯ ಕಂಬಗಳಿಗೆ ಎರಡು ಕಡೆಯಿಂದಲೂ ಓರೆಯಾಗಿ ಆಸರೆ ಕೊಡದಿದ್ದರೆ ತಂತಿಯ ಬಿಗಿತಕ್ಕೆ ಅವು ಒಳಕ್ಕೆ ವಾಲಿ, ಒಂದೇ ವರ್ಷದಲ್ಲಿ ಸಾಲೆಲ್ಲ ಸಡಿಲವಾಗುವುದು. ಮೇಲೆ ಹೇಳಿದ ಚೌಕದ ಹಿತ್ತಿಲಿಗೆ ಎಂಟು ಅಡಿಗೊಂದರಂತೆ 33 ಕಂಬಗಳೂ, ನಾಲ್ಕು ಎಳೆಗಳಿಗೆ 1,056 ಅಡಿ ತಂತಿಯೂ ಬೇಕು. ಇಷ್ಟು ಖರ್ಚು ಮಾಡಿದರೂ ನಾಲ್ಕು ಎಳೆಯ ತಂತಿಯು ದನವನ್ನು ತಡೆಯುವುದೇ ಹೊರತು ಮೇಕೆಯ ಮರಿಯನ್ನೂ ಕೋಳಿಯನ್ನೂ ತಡೆಯಲಾರದು. ಬೆಳೆಯುತ್ತಿರುವ ಮರಕ್ಕೆ ತಂತಿಯನ್ನು ಸುತ್ತುವುದು ತಪ್ಪು. ತೊಗಟೆಯು ತಂತಿಯನ್ನು ನುಂಗುತ್ತದೆ, ಮರವೂ ಬಡವಾಗುತ್ತದೆ. ಮರವನ್ನೇ ಆಶ್ರಯಿಸಬೇಕಾದರೆ ನಡುವೆ ಒಂದು ಪಟ್ಟಿಯನ್ನು ಬಡಿದು, ತಂತಿಯನ್ನು ಆ ಪಟ್ಟಿಗೆ ಹೊಡೆಯಬೇಕು.

ಹಸುರುಬೇಲಿಗೆ ತಕ್ಕ ಗಿಡಗಳು

ಸಾಧಾರಣ ರೈತನಿಗೆ ಹಸುರುಬೇಲಿಯೇ ಎಲ್ಲಕ್ಕಿಂತ ಅನುಕೂಲ. ಈ ಸೀಮೆಯ ಜನರಿಗೆ ಇದು ಹೊಸದೇನೂ ಅಲ್ಲ. 1792ರ ಫೆಬ್ರುವರಿಯಲ್ಲಿ ಕಾರ್ನ್‌ವಾಲಿಸನ ಸೇನೆಯು ಶ್ರೀರಂಗಪಟ್ಟಣದ ಮೇಲೆ ಬಿದ್ದಾಗ, ಕೋಟೆಯ ಹೊರಗೆ ಅದು ಮೊದಲು ದಾಟಬೇಕಾಗಿ ಬಂದುದು ದಟ್ಟವಾದ ಮುಳ್ಳುಗಿಡಗಳ ಬೇಲಿಯನ್ನೇ.

ಆದರೆ ಗಿಡವನ್ನು ಆರಿಸುವುದರಲ್ಲಿ ತಪ್ಪಿದರೆ ಬೇಲಿಯೇ ಊರಿಗೆ ಶತ್ರುವಾಗುವುದು. ಇದಕ್ಕೆ ಪಾಪಾಸುಕಳ್ಳಿಯೇ ಸಾಕ್ಷಿ. ಹೊರದೇಶದಿಂದ ಬಂದ ಈ ಕಳ್ಳಿಯನ್ನು ಬೇಲಿಗೆಂದು ನೆಟ್ಟವರು ಅನೇಕರು. ಅದು ಬೇಲಿಯನ್ನು ಬಿಟ್ಟು ಗೋಮಾಳಗಳನ್ನೂ ಕೆರೆಯಂಗಳಗಳನ್ನೂ ಆಕ್ರಮಿಸಿತು. ಬಿದ್ದ ಒಂದೊಂದು ತುಂಡೂ ಬೇರುಬಿಡುತ್ತಿದ್ದುದರಿಂದ ಕಡಿದಷ್ಟೂ ಹೆಚ್ಚಿತು. ಕೊನೆಗೆ 1926ರಲ್ಲಿ ಸಿಂಹಳದಿಂದ ತಂದ ಕಾಚಿನೀಲ್ ಜಾತಿಯ ಒಂದು ಸಣ್ಣ ಹುಳುವು ದಕ್ಷಿಣ ಹಿಂದೂಸ್ಥಾನದಲ್ಲೆಲ್ಲ ಹರಡಿ, ಮನುಷ್ಯರ ಕೊಡಲಿಯಿಂದ ಆಗದ ಕೆಲಸವನ್ನು ಕೆಲವೇ ವರ್ಷಗಳಲ್ಲಿ ಮಾಡಿತು. ಕಲ್ಕತ್ತೆಗೆ 1809ರಲ್ಲಿ ಅಂದದ ಗಿಡವೆಂದು ತಂದ ಲಂಟಾನಕ್ಕೆ ಮಾತ್ರ ಅಂಥ ಶತ್ರುವು ಇನ್ನೂ ದೊರೆತಿಲ್ಲ. ಹಕ್ಕಿಗಳು ಅದರ ಹಣ್ಣನ್ನು ತಿಂದು ಬೀಜವನ್ನು ಕಾಡಿನಲ್ಲೆಲ್ಲ ಬಿತ್ತಿವೆ. 1877ರ ಸುಮಾರಿಗೆ ಕಡಪೆಯ ಪ್ರಾಂತ್ಯಕ್ಕೆ ಬಂದ ಬಳ್ಳಾರಿಜಾಲಿಯ ಕಥೆಯೂ ಇದೇ. ಅದರ ಸಿಹಿಯಾದ ಕಾಯಿಯನ್ನು ದನಗಳು ತಿಂದರೆ ಬೀಜವು ಸೆಗಣಿಯಲ್ಲಿ ಹೊರಬಿದ್ದು ಮೊಳೆಯುತ್ತದೆ. ಈ ಮೂರನ್ನೂ ಹಿತ್ತಿಲಿನ ಬೇಲಿಗೆ ಎಂದಿಗೂ ತರಕೂಡದು, ಎಷ್ಟೇ ಸುಲಭವಾಗಿ ಬೆಳೆದರೂ ಸರಿಯೆ.

ಮುಳ್ಳಿರುವ ಗಿಡಗಳಲ್ಲಿ ಸೀಮೆಹುಣಸೆಯು ಹಿತ್ತಿಲಿಗೆ ಚೆನ್ನಾಗಿ ಒಪ್ಪುತ್ತದೆ. ಬೀಜವನ್ನು ಸಾಲಿನಲ್ಲಿಯೇ ಬಿತ್ತಬಹುದು. ಹೊಸ ಬೀಜವಾದರೆ ಬೇಗನೆ ಮೊಳೆಯುತ್ತದೆ. ಕತ್ತರಿಸಿದಷ್ಟೂ ಬುಡದಿಂದ ಒತ್ತಾಗಿ ಚಿಗುರುತ್ತದೆ. ಇದರ ಎಲೆಯನ್ನು ಮೇಕೆಗಳು ಇಷ್ಟಪಟ್ಟು ತಿನ್ನುವುದೊಂದೇ ತೊಂದರೆ. ಕತ್ತರಿಸದೆ ಬಿಟ್ಟರೆ ಮೂರು ನಾಲ್ಕು ವರ್ಷಗಳಲ್ಲಿ ಮರವಾಗಿ, ಬುಡದಲ್ಲಿ ನಾಯಿ ನುಗ್ಗುವಷ್ಟು ಸಂದು ಬಿಡುತ್ತದೆ. ಮಳೆ ಕಡಮೆಯಾದ ಕೆಂಪುನೆಲದಲ್ಲಿ ಗೋರಂಟಿಯೂ ಕವಳಿಯೂ ನಿಧಾನವಾಗಿ ಬೆಳೆದರೂ ಗಟ್ಟಿಯಾಗಿ ನಿಲ್ಲುತ್ತವೆ. ಗೋರಂಟಿಯ ಎಲೆಯೂ ಕವಳಿಯ ಕಾಯಿಯೂ ಮನೆಯ ಬಳಕೆಗೆ ಒದಗುತ್ತವೆ. ಕತ್ತಾಳೆಗೆ ನೀರೂ ಬೇಡ, ಕಾವಲೂ ಬೇಡ. ಬುಡದ ಕಂದುಗಳನ್ನು ಎರಡು ಸಾಲಾಗಿ ನೆಟ್ಟರಾಯಿತು. ಆದರೆ ಅದು ಹಲವು ವರ್ಷಗಳಿಗೊಮ್ಮೆ ಕಂಬದಂತಹ ಹೂಗೊಂಚಲನ್ನು ಬಿಟ್ಟು ಸಾಯುವುದರಿಂದ, ಹೂಕಂಬವು ಎದ್ದೊಡನೆಯೇ ಪಕ್ಕದ ಕಂದನ್ನು ಆ ಸ್ಥಳಕ್ಕೆ ಸಿದ್ಧಮಾಡಬೇಕು. ಅಲ್ಲದೆ ಅದರ ತುದಿಮುಳ್ಳು ಮಕ್ಕಳ ಕಣ್ಣಿನ ಎತ್ತರದಲ್ಲಿಯೇ ಇರುತ್ತದೆ. ಓಣಿಯ ಮಗ್ಗುಲಿಗೆ ನೆಟ್ಟವರು ತುದಿಗಳನ್ನು ಕತ್ತರಿಸುತ್ತಿರುವುದು ಕ್ಷೇಮ.

ಮೇಕೆಗಳು ಬಾಯಿ ಹಾಕದ ಗಿಡಗಳೆಂದರೆ ಲಕ್ಕಿ, ಆಡುಸೋಗೆ, ಮರಹರಳು, ಬೊಂತೆಕಳ್ಳಿ. ಇವುಗಳಿಗೆ ಮುಳ್ಳಿಲ್ಲ, ಕಹಿಯೂ ಹಾಲೂ ಇವುಗಳ ಕಾವಲು. ಕಡ್ಡಿಯನ್ನು ನೆಟ್ಟರೆ ಬದುಕುವುದರಿಂದ ಖರ್ಚೂ ಇಲ್ಲ. ಲಕ್ಕಿಯ ಸೊಪ್ಪು ಗದ್ದೆಗೂ ಗೊಬ್ಬರವಾಗುತ್ತದೆ. ಆದರೆ ಮಕ್ಕಳಿರುವ ಮನೆಯವರು ಕಡೆಯ ಎರಡರ ವಿಷಯದಲ್ಲಿ ಎಚ್ಚರವಾಗಿರಬೇಕು. ಮರಹರಳಿನ ಬೀಜವು ರುಚಿಗೆ ಕಡಲೆಕಾಯಿಯಂತಿರುವುದರಿಂದ ಮಕ್ಕಳು ತಿಂದು, ವಾಂತಿಭೇದಿಯಿಂದ ಪ್ರಾಣಾಪಾಯದವರೆಗೂ ಹೋಗುವುದುಂಟು. ಕಾಯಿ ಕಟ್ಟುವುದಕ್ಕೆ ಮೊದಲೇ ಬೇಲಿಯನ್ನು ಕತ್ತರಿಸಿದರೆ ಈ ಭಯವಿಲ್ಲ. ಬೊಂತೆಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ತಡೆಯಲಾರದ ಉರಿಯುಂಟಾಗಿ ಕೆಲವು ದಿನ ದೃಷ್ಟಿಯೇ ಮಂದವಾಗಬಹುದು. ಕತ್ತರಿಸುವವರು ಗಾಳಿಗೆ ಬೆನ್ನುಮಾಡಿ ನಿಂತು, ಮುಖವನ್ನೂ ತೋಳುಗಳನ್ನೂ ಬಟ್ಟೆಯಿಂದ ಮುಚ್ಚಿಕೊಳ್ಳತಕ್ಕದ್ದು. ಹಾಲು ಸಿಡಿದರೆ ಕಣ್ಣನ್ನು ಉಜ್ಜದೆ ಬಹಳ ಹೊತ್ತು ಶುದ್ಧವಾದ ನೀರನ್ನು ಸುರಿದು ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎದೆಹಾಲನ್ನೋ ಎಣ್ಣೆಯನ್ನೋ ಹಾಕಿ ಕಾಲ ಕಳೆಯುವುದು ಕೂಡದು.

ನೆಡುವ ಕ್ರಮ

ಮುಂಗಾರಿಗೆ ಮೊದಲು, ಭರಣಿ ಕೃತ್ತಿಕೆಗಳ ಹದಮಳೆಯಲ್ಲಿ, ಎಲ್ಲೆಯ ಒಳಗೆ ಮೂರಡಿ ಅಗಲ, ಎರಡಡಿ ಆಳದ ಕಾಲುವೆಯನ್ನು ತೋಡಿ, ತೆಗೆದ ಮಣ್ಣನ್ನು ಒಳಮಗ್ಗುಲಿಗೆ ಏರಿಯಾಗಿ ಹಾಕಬೇಕು. ಹೀಗೆ ಮಾಡುವುದಾದರೆ ಗಿಡದ ಸಾಲು ಏರಿಯ ಮೇಲಿರುವುದರಿಂದ ಎಲ್ಲೆಯಿಂದ ಇನ್ನೂ ಒಳಕ್ಕೆ ಬರುವುದು. ಅಷ್ಟು ಸ್ಥಳವಿಲ್ಲದವರು ಕಾಲುವೆಯನ್ನು ಬಿಟ್ಟು, ಒಂದೂವರೆ ಅಡಿ ಅಗಲಕ್ಕೆ ಆಳವಾಗಿ ಅಗೆದು ಗೊಬ್ಬರ ಬೆರೆಸಿದರೂ ಸಾಕು. ಏರಿಯ ಬೇಲಿಗೆ ಎರಡು ಲಾಭಗಳಿವೆ. ದನವು ಹೊರಗಿನಿಂದ ನೋಡಿದಾಗ ಮೂರಡಿಯ ಗಿಡವು ಐದಡಿಯಂತೆ ತೋರುತ್ತದೆ; ಕಾಲುವೆಯಲ್ಲಿ ನಿಂತ ನೀರು ಬೇರಿಗೆ ದೊರೆಯುತ್ತದೆ. ಎರೆಭೂಮಿಯಲ್ಲಿ ಮಾತ್ರ ಬುಡದಲ್ಲಿ ನೀರು ನಿಂತರೆ ಕಡ್ಡಿಗಳು ಕೊಳೆಯುವುದರಿಂದ ಕಾಲುವೆಗೆ ಹೊರದಾರಿ ಇರಬೇಕು.

ರೋಹಿಣಿ ಮೃಗಶಿರೆಗಳಲ್ಲಿ ನೆಡುವುದು ಸರಿಯಾದ ಕಾಲ. ಒಂದಡಿ ಅಂತರದಲ್ಲಿ ಎರಡು ಸಾಲುಗಳನ್ನು ಎಳೆದು, ಸಾಲಿನಲ್ಲಿ ಒಂಬತ್ತು ಅಂಗುಲಕ್ಕೊಂದರಂತೆ, ಒಂದು ಸಾಲಿನ ಗಿಡವು ಇನ್ನೊಂದು ಸಾಲಿನ ಸಂದಿಗೆ ಎದುರಾಗುವಂತೆ ನೆಡಬೇಕು. 264 ಅಡಿಯ ಬೇಲಿಗೆ ಸುಮಾರು 700 ಸಸಿಗಳಾಗಲಿ ಕಡ್ಡಿಗಳಾಗಲಿ ಬೇಕಾಗುವುವು. ಸಾಯುವವುಗಳಿಗೆ ಬದಲಾಗಿ ನೂರನ್ನು ಹಿತ್ತಿಲಿನ ಮೂಲೆಯಲ್ಲಿ ಬೆಳೆಸಿಟ್ಟುಕೊಂಡಿರುವುದು ಮೇಲು. ಬೊಂತೆಕಳ್ಳಿಯ ತುಂಡುಗಳನ್ನು ಕಡಿದೊಡನೆ ನೆಡದೆ, ಗಾಯದ ಹಾಲು ಒಣಗುವವರೆಗೆ ಕೆಲವು ದಿನ ನೆರಳಿನಲ್ಲಿಡಬೇಕು. ಮೊದಲ ಬೇಸಗೆಯಲ್ಲಿ ವಾರಕ್ಕೊಮ್ಮೆಯಾದರೂ ನೀರು ಬೇಕು. ಬೇಲಿಯ ಗಿಡವಲ್ಲವೇ, ತಾನೇ ಬದುಕಿಕೊಳ್ಳುತ್ತದೆಂದು ಬಿಡುವವರ ಬೇಲಿಯಲ್ಲಿ ಸಂದುಗಳು ಹುಟ್ಟುವುದು ಆಗಲೇ.

ಕತ್ತರಿಸುವುದು

ಹಸುರುಬೇಲಿಯ ಗುಣವೆಲ್ಲ ಕತ್ತರಿಯಲ್ಲಿದೆ. ಗಿಡವು ಒಂದೂವರೆ ಅಡಿ ಎತ್ತರಕ್ಕೆ ಬಂದಾಗ ಅದನ್ನು ಒಂಬತ್ತು ಅಂಗುಲಕ್ಕೆ ಕತ್ತರಿಸಿಬಿಡಬೇಕು. ಕಷ್ಟಪಟ್ಟು ಬೆಳೆಸಿದುದನ್ನು ಅರ್ಧಕ್ಕೆ ಕಡಿಯಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ತುದಿಯು ಹೋದ ಹೊರತು ಬುಡದ ಕಣ್ಣುಗಳು ಒಡೆಯುವುದಿಲ್ಲ. ಅನಂತರ ಪ್ರತಿಸಾರಿಯೂ ಹಿಂದಿನ ಕಡಿತಕ್ಕಿಂತ ಆರು ಅಂಗುಲ ಮಾತ್ರ ಮೇಲಕ್ಕೆ ಬಿಡುತ್ತ, ನಾಲ್ಕೂವರೆ ಅಡಿಗೆ ನಿಲ್ಲಿಸಬೇಕು. ಬುಡವು ಎರಡೂವರೆ ಮೂರು ಅಡಿ ಅಗಲವಾಗಿಯೂ ನೆತ್ತಿಯು ಒಂದೂವರೆ ಅಡಿಯಾಗಿಯೂ ಇರುವಂತೆ ಓರೆಯಾಗಿ ಕತ್ತರಿಸತಕ್ಕದ್ದು. ನೆತ್ತಿಯು ಅಗಲವಾಗಿ ಬುಡವು ಕಿರಿದಾದರೆ ಕೆಳಗಣ ಎಲೆಗಳಿಗೆ ಬಿಸಿಲು ಸಿಕ್ಕದೆ ಉದುರಿ, ಬೇಲಿಯು ಛತ್ರಿಗಳ ಸಾಲಿನಂತಾಗುತ್ತದೆ; ಮೇಲೆ ಎಷ್ಟು ದಟ್ಟವಾಗಿದ್ದರೂ ಮೇಕೆ ನುಗ್ಗುವುದು ಕೆಳಗಿನಿಂದ.

ಹಬ್ಬಿಸಿದ ಕುಂಬಳ, ಹೀರೆಯ ಬಳ್ಳಿಗಳು ಒಣಬೇಲಿಯ ಮೇಲೆ ಚೆನ್ನ. ಹಸುರುಬೇಲಿಯ ಮೇಲೆ ಬಿಟ್ಟರೆ ಅದರ ನೆರಳಿನಲ್ಲಿ ಗಿಡಗಳು ಸಾಯುತ್ತವೆ. ಮನೆಯ ಹೆಂಗಸರು ಈ ಮಾತನ್ನು ಸುಲಭವಾಗಿ ಒಪ್ಪುವುದಿಲ್ಲ, ಏಕೆಂದರೆ ಬಳ್ಳಿಯ ಕಾಯಿ ಈ ವರ್ಷವೇ ಕಾಣುತ್ತದೆ, ಬೇಲಿಯ ಸಂದು ಮುಂದಿನ ವರ್ಷ ಕಾಣುತ್ತದೆ. ಬಳ್ಳಿಗೆ ಬೇರೆ ಚಪ್ಪರವನ್ನು ಹಾಕಿಕೊಡುವುದೇ ಇದಕ್ಕೆ ದಾರಿ. ಬಂದಳಿಕೆಯನ್ನೂ ಬೇರಿಲ್ಲದೆ ಹಬ್ಬುವ ಹಳದಿಯ ಬಳ್ಳಿಯನ್ನೂ ಕಂಡ ದಿನವೇ, ಹಿಡಿದ ಕೊಂಬೆಯ ಸಹಿತವಾಗಿ ತೆಗೆದು ಸುಡಬೇಕು.

ಸಂದು ಬಿದ್ದಲ್ಲಿ ಮುಳ್ಳು ತುರುಕುವುದು ವಾಡಿಕೆ. ಅದರಿಂದ ಸಂದು ಮುಚ್ಚಿದಂತೆ ತೋರಿದರೂ ಅಲ್ಲಿ ಮತ್ತೆ ಚಿಗುರು ಬರುವುದಿಲ್ಲ. ಪಕ್ಕದ ಗಿಡದ ನೀಳವಾದ ಕೊಂಬೆಯನ್ನು ಬಾಗಿಸಿ, ಸಂದಿಗೆ ಅಡ್ಡಲಾಗಿ ಹೆಣೆದು, ನೆಲಕ್ಕೆ ತಾಗುವೆಡೆಯಲ್ಲಿ ಮಣ್ಣು ಮುಚ್ಚಿ ಗೂಟದಿಂದ ಒತ್ತಿಟ್ಟರೆ ಅನೇಕ ಜಾತಿಯ ಗಿಡಗಳು ಅಲ್ಲಿಯೇ ಬೇರುಬಿಡುತ್ತವೆ. ಬುಡದ ಕಸವನ್ನು ಮಳೆಗಾಲದ ಮುಂಚೆಯೂ ಅನಂತರವೂ ತೆಗೆಯುತ್ತಿರಬೇಕು. ಕಸದಲ್ಲಿ ಹೆಗ್ಗಣ ಸೇರುತ್ತದೆ, ಹೆಗ್ಗಣದ ಹಿಂದೆ ಹಾವು ಬರುತ್ತದೆ.

ಬೇಲಿಯಿಂದ ನಾಲ್ಕೈದು ಅಡಿಯೊಳಗೆ ತರಕಾರಿ ಏಳುವುದಿಲ್ಲವೆಂದು ಕೆಲವರು ಹಸುರುಬೇಲಿಯನ್ನೇ ದೂರುತ್ತಾರೆ. ದೂರು ನಿಜ. ವರ್ಷಕ್ಕೊಮ್ಮೆ ಬೇಲಿಯ ಒಳಮಗ್ಗುಲಿನಲ್ಲಿ, ಬುಡದಿಂದ ಎರಡು ಅಡಿ ದೂರದಲ್ಲಿ, ಒಂದೂವರೆ ಅಡಿ ಆಳಕ್ಕೆ ಕಿರಿದಾದ ಕಾಲುವೆಯನ್ನು ತೋಡಿ, ಸಿಕ್ಕಿದ ಬೇರುಗಳನ್ನು ಕಡಿದರೆ ಪಾತಿಗಳಿಗೆ ಅಷ್ಟು ಬಾಧೆಯಾಗದು. ಆ ಕಾಲುವೆಯಲ್ಲಿಯೇ ಬೇಲಿಯ ಎಳೆಯ ಸೊಪ್ಪನ್ನು ತುಂಬಿ ಮುಚ್ಚಿದರೆ ಕೊಳೆತು ಗೊಬ್ಬರವಾಗುವುದು. ಕಳ್ಳಿಯ ತುಂಡುಗಳನ್ನು ಮಾತ್ರ ಹಾಕಕೂಡದು, ಅವು ಅಲ್ಲಿಯೇ ಚಿಗುರುತ್ತವೆ.

ಬಾಗಿಲು

ಎಂಥ ಬೇಲಿಯೂ ಅದರ ಬಾಗಿಲಿಗಿಂತ ಭದ್ರವಾಗಿರಲಾರದು. ಹಿತ್ತಿಲಿಗೆ ಒಂದೇ ಬಾಗಿಲು ಸಾಕು. ಅದೂ ಅಡಿಗೆಮನೆಯ ಹಿಂಬಾಗಿಲಿಗೆ ಎದುರಾಗಿರುವುದು ಮೇಲು. ಮುಳ್ಳಿನ ಕೊಂಬೆಯನ್ನು ಎಳೆದು ಮುಚ್ಚುವ ಪದ್ಧತಿಯಲ್ಲಿ, ನೀರಿನ ಕೊಡವನ್ನು ಹೊತ್ತವರು ಅದನ್ನು ಮತ್ತೆ ಎಳೆಯದೆ ಹೋಗುವುದೇ ಹೆಚ್ಚು. ಬಿದಿರಿನ ತಡಿಕೆಯನ್ನು ಸ್ವಲ್ಪ ಒಳಕ್ಕೆ ವಾಲಿದ ಕಂಬಕ್ಕೆ ಕಟ್ಟಿದರೆ ಅದು ತನ್ನ ಭಾರದಿಂದಲೇ ಮುಚ್ಚಿಕೊಳ್ಳುತ್ತದೆ. ಮಲೆನಾಡಿನ ಉಣುಗೋಲು, ಎಂದರೆ ತೂತು ಕೊರೆದ ಎರಡು ಕಂಬಗಳ ನಡುವೆ ಅಡ್ಡಲಾಗಿ ಜಾರಿಸುವ ಗಳುಗಳು, ಗಾಡಿ ಹೋಗುವ ದಾರಿಗೆ ಅನುಕೂಲ; ಆದರೆ ಕೆಳಗಣ ಎರಡು ಗಳುಗಳ ನಡುವೆ ಆರು ಅಂಗುಲಕ್ಕಿಂತ ಹೆಚ್ಚು ಬಿಟ್ಟರೆ ಕುರಿಮರಿ ನುಸುಳುವುದು. ಜನರು ಮಾತ್ರ ಹಾದುಹೋಗುವ ಕಡೆ ತಡಬೆಯೇ ಸಾಕು. ಬಾಗಿಲಿನ ಎರಡು ಕಂಬಗಳೂ ಕಲ್ಲಿನವಾಗಿರಲಿ, ಅಥವಾ ಕಗ್ಗಲಿಯಂತಹ ಗಟ್ಟಿಮರದವಾಗಿ ಎರಡೂವರೆ ಅಡಿ ಆಳಕ್ಕೆ ಹೂಳಿದವಾಗಿರಲಿ. ಪ್ರತಿವರ್ಷ ಯುಗಾದಿಯ ಸುಮಾರಿಗೆ ಅವುಗಳ ಬುಡವನ್ನು ಒಂದು ಗೇಣು ಅಗೆದು, ಗೆದ್ದಲು ಹತ್ತಿದೆಯೇ ಎಂದು ನೋಡಿ, ಹತ್ತಿದ್ದರೆ ಮಳೆಗೆ ಮೊದಲೇ ಕಂಬವನ್ನು ಬದಲಾಯಿಸತಕ್ಕದ್ದು.